ಪಟ್ಟಿ ಬೇಡವೆಂದ ಭಾಸ್ಕರ

ಪಿಯುಸಿ ಮೆಟ್ಟಿಲು ಹತ್ತಿದ ಮಕ್ಕಳನ್ನು ಗಣಿತ ಮೊದಲು ಹೆದರಿಸುವುದು ‘ಫಂಕ್ಷನ್’ ಎಂಬ ಪದದಿಂದ. ಡೊಮೇನ್, ರೇಂಜ್, ಒನ್-ಒನ್ ಎಂದು ಉರು ಹೊಡೆದರೆ ಅಂಕವೇನೋ ಬಂದೀತು. ಇದೆಲ್ಲ ಯಾಕೆ ಎಂದು ಮಗಳು ಕೇಳಿದರೆ ಮಾತ್ರ ಅಪ್ಪ-ಅಮ್ಮ ಟ್ಯೂಷನ್ ಮೇಷ್ಟರ ಕಡೆ ಕೈ ತೋರಿಸುತ್ತಾರೆ. ಅಷ್ಟು ದೂರ ಹೋಗಬೇಕಿಲ್ಲ. ಗುಣಾಕಾರ, ಭಾಗಾಕಾರ ಬಂದರೆ ಸಾಕು, ಏಳನೇ ಶತಮಾನದ ಒಂದು ಸೂತ್ರವನ್ನು ಮನೆಯಲ್ಲೇ ಕೂತು ಪರೀಕ್ಷಿಸಬಹುದು.

ಸೂತ್ರ ಒಂದನೇ ಭಾಸ್ಕರನದು. (‘ಲೀಲಾವತಿ’ಯ ಭಾಸ್ಕರಾಚಾರ್ಯ ಬೇರೆ, ಅವನು ಸುಮಾರು ಐನೂರು ವರ್ಷ ಈಚಿನವನು.) ಆರ್ಯಭಟ ಜ್ಯಾ, ಅಂದರೆ ಇಂದಿನ ಸೈನ್, ಲೆಕ್ಕಕ್ಕೆ 24 ಸಂಖ್ಯೆಗಳ ಪಟ್ಟಿ ಕೊಟ್ಟಿದ್ದ. ಆ ಪಟ್ಟಿಯ ಹಂಗಿಲ್ಲದ ದಾರಿಯನ್ನು ಭಾಸ್ಕರ ‘ಮಹಾಭಾಸ್ಕರೀಯ’ದಲ್ಲಿ ಹೇಳಿದ. ಅದು ಹೊಳೆದದ್ದು ಹೇಗೆಂದು ಮಾತ್ರ ಹೇಳಲಿಲ್ಲ.

ಇಂದಿನ ಮಾತಿನಲ್ಲಿ ಅದು ಹೀಗೆ: 180ರಿಂದ ಕೋನದ ಡಿಗ್ರಿ ಕಳೆದು, ಉಳಿದದ್ದನ್ನು ಅದೇ ಕೋನದಿಂದ ಗುಣಿಸಿ. ಬಂದ ಗುಣಲಬ್ಧವನ್ನು ಎರಡು ಕಡೆ ಬರೆದುಕೊಳ್ಳಿ. ಒಂದನ್ನು 4ರಿಂದ ಗುಣಿಸಿ, ಇನ್ನೊಂದನ್ನು 40,500ರಿಂದ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸೈನ್ ಬೆಲೆ.

ಕೋನ 30 ಆದರೆ ಗುಣಲಬ್ಧ 4,500. ಮೇಲೆ 18,000, ಕೆಳಗೆ 36,000. ಉತ್ತರ ಕರಾರುವಾಕ್ಕಾಗಿ ಅರ್ಧ. 90ಕ್ಕೆ ಸರಿಯಾಗಿ 1. 10 ಡಿಗ್ರಿಗೆ 0.1753 ಬರುತ್ತದೆ, ನಿಜವಾದ ಬೆಲೆ 0.1736. ಕೇವಲ ಕಳೆದು, ಗುಣಿಸಿ, ಭಾಗಿಸಿ ಇಷ್ಟು ಹತ್ತಿರ!

ಇನ್ನು ಗುಣಗಳ ಮಾತು. ಕೋನ ಯಾವುದೇ ಇರಲಿ, ಗುಣಲಬ್ಧ 8,100 ದಾಟುವುದಿಲ್ಲ. ಆದ್ದರಿಂದ ಛೇದ ಎಂದೂ ಸೊನ್ನೆಯಾಗದು. 40 ಹಾಕಿದರೂ 140 ಹಾಕಿದರೂ ಗುಣಲಬ್ಧ 5,600, ಉತ್ತರವೂ ಒಂದೇ. ಒನ್-ಒನ್ ಅಲ್ಲ ಎನ್ನುವುದು ಇದಕ್ಕೇ. ಕ್ಯಾಲ್ಕುಲೇಟರಿನಲ್ಲಿ 140ರ ಸೈನ್ ತೆಗೆದು, ಬಂದದ್ದಕ್ಕೆ ವಿಲೋಮ ಸೈನ್ ಗುಂಡಿ ಒತ್ತಿದರೆ 140ರ ಬದಲು 40 ಬರುತ್ತದೆ. ಯಂತ್ರ ಕೆಟ್ಟಿಲ್ಲ. ಎರಡು ಕೋನಗಳಲ್ಲಿ ಯಾವುದೆಂದು ಅದಕ್ಕೆ ತಿಳಿಯುವ ಬಗೆಯಿಲ್ಲ, ಮೈನಸ್ 90ರಿಂದ 90ರೊಳಗಿನದನ್ನೇ ಹೇಳಬೇಕೆಂಬ ಕಟ್ಟಳೆಯಿದೆ.

ಡೊಮೇನ್ ಎಂದರೆ ಪುಸ್ತಕದ ಶಾಸ್ತ್ರಕ್ಕೆ ಬರೆಯುವ ಒಂದು ಸಾಲು ಎಂದುಕೊಂಡವರು 270 ಹಾಕಿ ನೋಡಬೇಕು. ಭಾಸ್ಕರನ ಸೂತ್ರ ಮೈನಸ್ ಒಂದೂವರೆ ಎನ್ನುತ್ತದೆ. ಸೈನ್ ಬೆಲೆ ಮೈನಸ್ 1ಕ್ಕಿಂತ ಕೆಳಗೆ ಇಳಿಯುವುದೇ ಇಲ್ಲ! ತಪ್ಪು ಭಾಸ್ಕರನದಲ್ಲ; ಅವನು ಸೂತ್ರ ಕಟ್ಟಿದ್ದು ಅರ್ಧವೃತ್ತದ ಒಳಗೆ. ಸೊನ್ನೆಯ ಆಚೆಗೂ ಇದೇ ಕತೆ. ಮೈನಸ್ 30ರ ಸೈನ್ ಮೈನಸ್ ಅರ್ಧ. ಸೂತ್ರದಲ್ಲಿ ಅದನ್ನೇ ಹಾಕಿದರೆ ಮೈನಸ್ 0.538.