ಎರಡು ಕನೆಕ್ಷನ್ ಇದ್ದರೆ ಸಾಕೇ?

ಮೆಡಿಕಲ್ ಸ್ಟೋರ್, ರಕ್ತ ಪರೀಕ್ಷೆಯ ಲ್ಯಾಬ್, ತೆರಿಗೆ ಸಲಹೆಗಾರರ ಕಚೇರಿ, ಹೋಲ್‌ಸೇಲ್ ಮಳಿಗೆ, ಯಾವುದೂ ಇಂದು ಇಂಟರ್ನೆಟ್ ಇಲ್ಲದೆ ಅರ್ಧ ದಿನ ನಡೆಯದು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ದಾಟಿದವರು ಇತರ ವ್ಯಾಪಾರಿಗಳಿಗೆ ಮಾರುವಾಗ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯ. ಲೈನ್ ಹೋದರೆ ಬಿಲ್ ಆಗದು, ಲೋಡ್ ಆದ ಗಾಡಿ ಗೋದಾಮಿನ ಮುಂದೆಯೇ ನಿಲ್ಲುತ್ತದೆ. ಹಾಗಾಗಿ ಬದಲಿ ಲೈನ್ ಬೇಕೇ ಬೇಕು. ಆದರೆ ಅದರ ಬಗ್ಗೆ ಇರುವ ಕೆಲವು ನಂಬಿಕೆಗಳೇ ಕೈ ಕೊಡುತ್ತವೆ.

ತಪ್ಪು ಕಲ್ಪನೆ: ಎರಡು ಕಂಪನಿಗಳ ಫೈಬರ್ ಹಾಕಿಸಿದರೆ ಚಿಂತೆಯಿಲ್ಲ.

ಸತ್ಯ: ಬಿಲ್ ಕಳಿಸುವ ಕಂಪನಿ ಬೇರೆಯಾದರೂ ಕೇಬಲ್ ಬರುವ ದಾರಿ ಒಂದೇ ಇರಬಹುದು. ನಮ್ಮ ಊರುಗಳಲ್ಲಿ ಫೈಬರ್ ಹೆಚ್ಚಾಗಿ ಕರೆಂಟ್ ಕಂಬದಿಂದ ಕಂಬಕ್ಕೆ ಹಾದು ಬರುತ್ತದೆ. ಮಳೆಗಾಲದಲ್ಲಿ ಒಂದು ಕೊಂಬೆ ಮುರಿದು ಬಿದ್ದರೆ ಎಲ್ಲ ಕೇಬಲ್‌ಗಳೂ ಒಟ್ಟಿಗೇ ತುಂಡಾಗಬಹುದು. ನೆಲದಡಿ ಹೋದ ಕೇಬಲ್‌ಗೆ ಜೆಸಿಬಿಯ ಕಾಟ. ಈ ಹಾವಳಿ ತಡೆಯಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಆ್ಯಪ್ ಹೊರತಂದಿತು. ಎರಡನೇ ಕನೆಕ್ಷನ್‌ಗೆ ದುಡ್ಡು ಕಟ್ಟುವ ಮುನ್ನ ಲೈನ್ ಎಳೆಯುವವರ ಜೊತೆ ಬೀದಿಗಿಳಿದು, ಯಾವ ಕಂಬ, ಯಾವ ಕಡೆಯಿಂದ ಎಂದು ಕಣ್ಣಾರೆ ನೋಡಿ. ದಾರಿ ಒಂದೇ ಆದರೆ ಫೈಬರ್ ಬಿಟ್ಟು, ಸಿಮ್ ಹಾಕುವ 4ಜಿ ಅಥವಾ 5ಜಿ ರೂಟರ್ ಇಟ್ಟುಕೊಳ್ಳಿ. ಫೈಬರ್ ಕೊಟ್ಟ ಕಂಪನಿಯದೇ ಸಿಮ್ ಬೇಡ.

ತಪ್ಪು ಕಲ್ಪನೆ: ಕಂಪ್ಯೂಟರ್‌ಗೆ ಯುಪಿಎಸ್ ಇದೆ, ಕರೆಂಟ್ ಹೋದರೂ ಕೆಲಸ ನಿಲ್ಲದು.

ಸತ್ಯ: ಫೈಬರ್ ಬಂದು ಸೇರುವ ಒಎನ್‌ಟಿ ಪೆಟ್ಟಿಗೆ ಎಷ್ಟೋ ಅಂಗಡಿಗಳಲ್ಲಿ ಮೂಲೆಯ ಪ್ಲಗ್ಗಿನಲ್ಲಿ ನೇರ ಕರೆಂಟಿನ ಮೇಲಿರುತ್ತದೆ. ಕಂಪ್ಯೂಟರ್ ಉರಿಯುತ್ತಿದ್ದರೂ ಅದು ಆರಿದರೆ ಇಂಟರ್ನೆಟ್ ಹೋಯಿತು. ಒಎನ್‌ಟಿ, ರೂಟರ್ ಎರಡಕ್ಕೂ ಸಾಮಾನ್ಯವಾಗಿ ಬೇಕಾಗುವುದು 12 ವೋಲ್ಟ್ ಮಾತ್ರ. ಅದಕ್ಕೆಂದೇ ಸಿಗುವ ಪುಟ್ಟ ಯುಪಿಎಸ್ ಹಾಕಿಸಿ.

ತಪ್ಪು ಕಲ್ಪನೆ: ಎರಡು ಲೈನ್ ಹಿಡಿಯುವ ರೂಟರ್ ತಂದರೆ ತಾನಾಗಿಯೇ ಬದಲಾಗುತ್ತದೆ.

ಸತ್ಯ: ಹೊರಗೆ ಫೈಬರ್ ತುಂಡಾದಾಗ ಒಎನ್‌ಟಿಯ ಮೇಲೆ ‘ಎಲ್‌ಒಎಸ್’ ಎಂಬ ಕೆಂಪು ದೀಪ ಮಿಣುಕುತ್ತದೆ. ಆದರೆ ಒಎನ್‌ಟಿಗೂ ರೂಟರ್‌ಗೂ ನಡುವಿನ ತಂತಿ ಸರಿಯಾಗಿಯೇ ಇರುತ್ತದೆ. ಆ ತಂತಿಯನ್ನಷ್ಟೇ ನೋಡುವ ರೂಟರ್ ಲೈನ್ ಜೀವಂತವಿದೆ ಎಂದುಕೊಂಡು ಸತ್ತ ಲೈನಿಗೇ ಅಂಟಿಕೊಂಡಿರುತ್ತದೆ. ಹೊರಗಿನ ಒಂದು ವಿಳಾಸವನ್ನು, ಉದಾಹರಣೆಗೆ ಗೂಗಲ್‌ನ 8.8.8.8 ಅನ್ನು, ಆಗಾಗ ಪಿಂಗ್ ಮಾಡಿ ಉತ್ತರ ಬಾರದಿದ್ದರೆ ಬದಲಾಗುವಂತೆ ಸೆಟ್ಟಿಂಗ್ ಮಾಡಿಸಬೇಕು. ಬದಲಾದ ಮೇಲೂ ಜಿಎಸ್‌ಟಿ ಅಥವಾ ಬ್ಯಾಂಕ್ ಪುಟಕ್ಕೆ ಮತ್ತೆ ಲಾಗಿನ್ ಆಗಬೇಕಾಗಬಹುದು, ಏಕೆಂದರೆ ನಿಮ್ಮ ಐಪಿ ವಿಳಾಸ ಬದಲಾಗಿರುತ್ತದೆ.

ತಪ್ಪು ಕಲ್ಪನೆ: ಅಂಗಡಿಯ ವೈಫೈ ನಿಂತರೆ ಯುಪಿಐ ಕೂಡ ನಿಲ್ಲುತ್ತದೆ.

ಸತ್ಯ: ಕ್ಯೂಆರ್ ಸ್ಟಿಕರ್‌ಗೆ ಇಂಟರ್ನೆಟ್ ಬೇಡ. ಗ್ರಾಹಕರು ತಮ್ಮ ಮೊಬೈಲ್ ಡೇಟಾದಲ್ಲಿ ಹಣ ಕಳಿಸುತ್ತಾರೆ. ಸೌಂಡ್‌ಬಾಕ್ಸ್‌ನಲ್ಲಿ ಸಾಮಾನ್ಯವಾಗಿ ಅದರದೇ ಸಿಮ್ ಇರುತ್ತದೆ. ನಿಲ್ಲುವುದು ಆನ್‌ಲೈನ್ ಬಿಲ್ಲಿಂಗ್, ಸ್ಟಾಕ್ ಲೆಕ್ಕ. ಬದಲಿ ಲೈನ್ ಬೇಕಾದದ್ದು ಇವಕ್ಕೆ.

ತಪ್ಪು ಕಲ್ಪನೆ: ಒಂದು ಸಿಮ್ ಮೇಜಿನ ಡ್ರಾಯರ್‌ನಲ್ಲಿದ್ದರೆ ಆಯಿತು.

ಸತ್ಯ: 90 ದಿನ ಬಳಸದ ಪ್ರಿಪೇಯ್ಡ್ ಸಿಮ್ ಬಂದ್ ಆಗಬಹುದು. ಡೇಟಾ ಕೂಡ ಬೇಗ ಮುಗಿಯುತ್ತದೆ. ಬಿಲ್ಲಿಂಗ್‌ಗೆ ಬೇಕಾಗುವುದು ಅಲ್ಪ, ಆದರೆ 2 ಎಂಬಿಪಿಎಸ್ ವೇಗದಲ್ಲಿ ಕ್ಲೌಡ್‌ಗೆ ವಿಡಿಯೊ ಕಳಿಸುವ ಒಂದೇ ಸಿಸಿಟಿವಿ ಕ್ಯಾಮೆರಾ ಗಂಟೆಗೆ ಸುಮಾರು 0.9 ಜಿಬಿ ನುಂಗುತ್ತದೆ. ಬದಲಿ ಲೈನ್ ಮೇಲೆ ಕ್ಯಾಮೆರಾ, ವಿಂಡೋಸ್ ಅಪ್‌ಡೇಟ್ ಓಡದಂತೆ ತಡೆಯಿರಿ.

ದಾರಿ, ಕರೆಂಟ್, ಕಂಪನಿ ಮೂರೂ ಬೇರೆಯಾಗಿದ್ದರೆ ಮಾತ್ರ ಅದು ನಿಜವಾದ ಬದಲಿ. ಪರೀಕ್ಷಿಸದ ಬದಲಿಯನ್ನು ನಂಬಬೇಡಿ. ತಿಂಗಳಿಗೊಮ್ಮೆ, ಗಿರಾಕಿಗಳು ಕಡಿಮೆ ಇರುವ ಹೊತ್ತಿನಲ್ಲಿ, ಒಎನ್‌ಟಿಯ ಫೈಬರ್ ತುದಿಯನ್ನು ಮೆಲ್ಲಗೆ ಕಳಚಿ ಒಂದು ಬಿಲ್ ಮಾಡಿ ನೋಡಿ. ಬಿಲ್ ಆದರೆ ನಿಮ್ಮ ವ್ಯವಸ್ಥೆ ಸರಿಯಿದೆ. ಆಗದಿದ್ದರೆ ಅದೇ ದಿನ ಸರಿಪಡಿಸಿಕೊಳ್ಳಿ.