ಕ್ಯಾಮೆರಾ ತರಗತಿಯಲ್ಲಿ ಎಂಟು ಮಂದಿ ಮಾತ್ರ ಏಕೆ?



ವಿದ್ಯಾರ್ಥಿವೇತನದ ಅರ್ಜಿಗಳಲ್ಲಿ ನರ್ಸಿಂಗ್, ಬಿ.ಕಾಂ., ಐಟಿಐ, ಡಿಪ್ಲೊಮಾ ಎಂಬ ಹೆಸರುಗಳ ನಡುವೆ ‘ಫೋಟೊಗ್ರಫಿ ತರಗತಿ’ ಎಂದು ಬರೆದಿರುವುದನ್ನು ಕಂಡರೆ ಹುಬ್ಬೇರುವುದು ಸಹಜ. ಶುಲ್ಕ ಕಟ್ಟಲಾಗದೆ ಕಾಲೇಜು ಬಿಡುವ ಮಕ್ಕಳಿರುವಾಗ ಇದಕ್ಕೂ ಹಣ ಕೊಡಬೇಕೇ ಎಂದು ದಾನಿಗಳು ಕೇಳುತ್ತಾರೆ. ಪೋಷಕರ ಪ್ರಶ್ನೆ ಇನ್ನೊಂದು ಬಗೆಯದು. ಕಂತಿನಲ್ಲಿ ಕ್ಯಾಮೆರಾ ಕೊಡಿಸಿದ್ದಾಯಿತು, ಅದರ ಗುಂಡಿ ಒತ್ತಲು ಕಲಿಯುವುದಕ್ಕೂ ದುಡ್ಡೇ ಎಂಬುದು ಅವರ ಮಾತು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಇಂಥ ತರಗತಿಯೊಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಿದರೆ ಉತ್ತರ ತಾನಾಗಿ ಸಿಗಬಹುದು ಎಂದು ಈ ಬರಹ.

ನಮ್ಮ ಅನೇಕ ಮನೆಗಳಲ್ಲಿ ಒಂದು ಕ್ಯಾಮೆರಾ ಇದೆ. ಗಲ್ಫ್‌ನಿಂದ ರಜೆಗೆ ಬಂದ ಮಾವನೋ ಅಣ್ಣನೋ ತಂದದ್ದು. ಮೇಲಿನ ಡಯಲ್ ಹಸಿರು ‘ಆಟೋ’ದ ಮೇಲೆ ನಿಂತದ್ದು ಅಲ್ಲಿಂದ ಕದಲಿಲ್ಲ. ಮೊಬೈಲಿಗಿಂತ ಒಳ್ಳೆಯ ಫೋಟೊ ಬರಲಿಲ್ಲವೆಂದು ಎರಡನೇ ವರ್ಷಕ್ಕೆ ಅದು ಕಪಾಟು ಸೇರಿತು. ಬಹಳ ಸಲ ಕ್ಯಾಮೆರಾದಲ್ಲಿ ದೋಷವೇನೂ ಇರುವುದಿಲ್ಲ. ವ್ಯೂಫೈಂಡರ್ ಪಕ್ಕದಲ್ಲಿ ಕಡಲೆಬೇಳೆಯಷ್ಟು ದೊಡ್ಡ ಒಂದು ಚಕ್ರವಿರುತ್ತದೆ, ಡಯಾಪ್ಟರ್ ಎಂದು ಅದರ ಹೆಸರು. ನೋಡುವವರ ಕಣ್ಣಿನ ನಂಬರಿಗೆ ತಕ್ಕಂತೆ ಅದನ್ನು ತಿರುಗಿಸಿಕೊಳ್ಳಬೇಕು. ಬ್ಯಾಗಿನಲ್ಲಿ ಉಜ್ಜಿ ಅದು ತಿರುಗಿಬಿಟ್ಟಿದ್ದರೆ ಒಳಗೆ ನೋಡಿದ್ದೆಲ್ಲ ಮಸುಕು. ಕ್ಯಾಮೆರಾ ಹಾಳಾಗಿದೆ ಎಂದು ರಿಪೇರಿಗೆ ಹೊರಟವರು ಆ ಚಕ್ರವನ್ನು ಎರಡು ಹಲ್ಲು ತಿರುಗಿಸಿದರೆ ಸಾಕು, ಮನೆಗೆ ಹಿಂತಿರುಗಬಹುದು. ಇದನ್ನು ಭಾಷಣದಲ್ಲಿ ಹೇಳಬಹುದು. ಆದರೆ ಮಗುವಿನ ಕೈಯಿಂದ ಕ್ಯಾಮೆರಾ ತೆಗೆದುಕೊಂಡು ತಾವೇ ಕಣ್ಣಿಟ್ಟು ನೋಡುವ ಶಿಕ್ಷಕರಿಗೆ ಮಾತ್ರ ತೊಂದರೆ ಏನೆಂದು ತಿಳಿಯುತ್ತದೆ.

ಮೊದಲ ದಿನದ ಪಾಠಕ್ಕೆ ಕ್ಯಾಮೆರಾವೇ ಬೇಕಿಲ್ಲ. ಕೋಣೆಯ ಕಿಟಕಿಗಳನ್ನು ಕಪ್ಪು ರಟ್ಟಿನಿಂದ ಮುಚ್ಚಿ, ಬಿಸಿಲಿರುವ ಕಡೆಯ ರಟ್ಟಿನಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೂತು ಮಾಡುತ್ತಾರೆ. ಕಣ್ಣು ಕತ್ತಲಿಗೆ ಹೊಂದಿಕೊಂಡಂತೆ ಎದುರಿನ ಗೋಡೆಯ ಮೇಲೆ ಅಂಗಳದ ತೆಂಗಿನಮರ ತಲೆಕೆಳಗಾಗಿ ಮೂಡುತ್ತದೆ, ಮಂಜುಮಂಜಾಗಿ. ತೂತನ್ನು ಪೆನ್ಸಿಲ್ ಗಾತ್ರಕ್ಕೆ ಇಳಿಸಿದರೆ ಗರಿಗಳು ಬಿಡಿಬಿಡಿಯಾಗಿ ಕಾಣತೊಡಗುತ್ತವೆ, ಆದರೆ ಚಿತ್ರ ಮಬ್ಬಾಗುತ್ತದೆ. ಸಣ್ಣ ತೂತಿಗೆ ಸ್ಪಷ್ಟತೆ ಹೆಚ್ಚು, ಬೆಳಕು ಕಡಿಮೆ. ಕ್ಯಾಮೆರಾ ಎಂಬ ಪದವೇ ಕೋಣೆ ಎಂಬ ಅರ್ಥದ ಲ್ಯಾಟಿನ್ ಮಾತು. ಈ ಕತ್ತಲ ಕೋಣೆಯ ಪರೀಕ್ಷೆಯನ್ನು ಸಾವಿರ ವರ್ಷಗಳ ಹಿಂದೆ ಕ್ರಮಬದ್ಧವಾಗಿ ಮಾಡಿ ಬರೆದಿಟ್ಟವರಲ್ಲಿ ಇಬ್ನ್ ಅಲ್-ಹೈಥಮ್ ಪ್ರಮುಖರು. ಸುಮಾರು 965ರಲ್ಲಿ ಬಸ್ರಾದಲ್ಲಿ ಹುಟ್ಟಿ ಕೈರೋದಲ್ಲಿ ಬಾಳಿದ ಅವರು ‘ಕಿತಾಬ್ ಅಲ್-ಮನಾಝಿರ್’ ಎಂಬ ತಮ್ಮ ಗ್ರಂಥದಲ್ಲಿ ರಂಧ್ರವೊಂದರ ಎದುರು ಹಲವು ದೀಪಗಳನ್ನಿಟ್ಟು ನೋಡಿದ ಬಗೆಯನ್ನು ವಿವರಿಸಿದ್ದಾರೆ. ದೀಪ ಎಷ್ಟಿದೆಯೋ ಒಳಗೆ ಅಷ್ಟು ಬೆಳಕಿನ ಚುಕ್ಕೆ. ಒಂದು ದೀಪಕ್ಕೆ ಕೈ ಅಡ್ಡ ಹಿಡಿದರೆ ಅದರ ಚುಕ್ಕೆಯೊಂದೇ ಮಾಯ. ಬೆಳಕು ನೇರ ಗೆರೆಯಲ್ಲಿ ಸಾಗುತ್ತದೆ, ಒಂದರೊಳಗೊಂದು ಬೆರೆತುಹೋಗುವುದಿಲ್ಲ ಎಂಬುದಕ್ಕೆ ಅದು ಸಾಕ್ಷಿ. ಗ್ರಂಥ ಲ್ಯಾಟಿನ್‌ಗೆ ಅನುವಾದವಾಗಿ ಯುರೋಪಿನಲ್ಲಿ ಶತಮಾನಗಳ ಕಾಲ ಓದಲ್ಪಟ್ಟಿತು. ಮೂರು ಮೊಂಬತ್ತಿ, ಒಂದು ರಟ್ಟು ಇದ್ದರೆ ನಮ್ಮ ಮಕ್ಕಳೂ ಅದನ್ನು ಮಾಡಿ ನೋಡಬಹುದು.

ಎರಡನೇ ವಾರ ಕ್ಯಾಮೆರಾ ಕೈಗೆ ಬರುತ್ತದೆ. ಮೊದಲ ದಿನದ ತೂತಿನ ಹೆಸರು ಈಗ ಅಪರ್ಚರ್. ಅದರ ಸಂಖ್ಯೆಗಳು ಹೊಸಬರನ್ನು ಗೊಂದಲಗೊಳಿಸುತ್ತವೆ, ಏಕೆಂದರೆ ಸಂಖ್ಯೆ ದೊಡ್ಡದಾದಷ್ಟೂ ತೂತು ಸಣ್ಣದು. ಲೆನ್ಸಿನ ನಾಭಿದೂರವನ್ನು ತೂತಿನ ಅಗಲದಿಂದ ಭಾಗಿಸಿದಾಗ ಬರುವ ಸಂಖ್ಯೆ ಅದು. 50 ಮಿ.ಮೀ. ಲೆನ್ಸಿನಲ್ಲಿ ಎಫ್/2 ಎಂದರೆ 25 ಮಿ.ಮೀ. ಅಗಲ, ಎಫ್/8 ಎಂದರೆ ಆರು ಮಿ.ಮೀ.ಗಿಂತ ಚೂರು ಹೆಚ್ಚು. ಒಳಬರುವ ಬೆಳಕು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಶಾಲೆಯಲ್ಲಿ ಭಾಗಾಕಾರಕ್ಕೆ ಹೆದರುತ್ತಿದ್ದ ಹುಡುಗನೂ ಈ ಲೆಕ್ಕವನ್ನು ಬೇಗ ಹಿಡಿಯುತ್ತಾನೆ, ಉತ್ತರ ಅವನ ಕೈಯಲ್ಲಿರುವ ಪರದೆಯ ಮೇಲೇ ಕಾಣುತ್ತದಲ್ಲ!

ಶಟರ್ ಕಲಿಸಲು ತಲೆಯ ಮೇಲೆ ತಿರುಗುವ ಫ್ಯಾನ್ ಸಾಕು. ಸೆಕೆಂಡಿನ 15ನೇ ಒಂದು ಭಾಗದಲ್ಲಿ ತೆಗೆದರೆ ರೆಕ್ಕೆಗಳು ಹೊಗೆಯಂತೆ ಕಾಣುತ್ತವೆ, 1000ನೇ ಒಂದು ಭಾಗದಲ್ಲಿ ನಿಂತುಬಿಡುತ್ತವೆ. ಆದರೆ ಎರಡನೇ ಚಿತ್ರ ಕತ್ತಲೆ. ಈಗೇನು ಮಾಡುವುದು? ತೂತು ದೊಡ್ಡದು ಮಾಡಬೇಕು, ಇಲ್ಲವೇ ಐಎಸ್‌ಒ ಏರಿಸಬೇಕು. ಐಎಸ್‌ಒ ಬಹಳ ಏರಿಸಿದರೆ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಳುಕಾಳು. ಒಂದು ಕಡೆ ಪಡೆದದ್ದಕ್ಕೆ ಇನ್ನೊಂದು ಕಡೆ ತೆರಬೇಕು. ಆಟೋದಲ್ಲಿ ಈ ತೀರ್ಮಾನವನ್ನು ಕ್ಯಾಮೆರಾ ಮಾಡುತ್ತಿತ್ತು, ಈಗ ಮಗು ಮಾಡುತ್ತದೆ. ಮಿಕ್ಕ ಮೆನುಗಳನ್ನೆಲ್ಲ ಆಮೇಲೆ ನಿಧಾನವಾಗಿ ಕಲಿಯಬಹುದು, ಅವಸರವಿಲ್ಲ.

ತರಗತಿ ಚಿಕ್ಕದಾಗಿರಬೇಕಾದ ನಿಜವಾದ ಕಾರಣ ಮುಂದಿನ ಪಾಠದಲ್ಲಿದೆ. ಈದ್ ದಿನ ಅಜ್ಜನ ಫೋಟೊ ತೆಗೆಯುತ್ತೇವೆ. ಬಿಳಿ ಜುಬ್ಬಾ, ಬಿಳಿ ಟೋಪಿ, ಹಿಂದೆ ಸುಣ್ಣದ ಗೋಡೆ. ಚಿತ್ರದಲ್ಲಿ ಹೊಸ ಜುಬ್ಬಾ ಮಾಸಿದ ಬೂದು ಬಣ್ಣ. ಕಪ್ಪು ಬುರ್ಖಾ ಧರಿಸಿದ ಅಮ್ಮನ ಫೋಟೊ ತೆಗೆದರೆ ತದ್ವಿರುದ್ಧ: ಬಟ್ಟೆ ತೊಳೆದು ತೊಳೆದು ಬಣ್ಣ ಬಿಟ್ಟಂತೆ, ಮುಖ ಬೆಳ್ಳಗೆ ಸುಟ್ಟಂತೆ. ಕ್ಯಾಮೆರಾದ ಮೀಟರಿಗೆ ಎದುರಿರುವುದು ಜುಬ್ಬಾವೋ ಬುರ್ಖಾವೋ ತಿಳಿಯದು. ಕಂಡದ್ದೆಲ್ಲ ಒಟ್ಟಾರೆ ನಡುಬೂದು ಬಣ್ಣದ್ದೆಂದು ಅದು ಎಣಿಸಿ ಅಳತೆ ಹಾಕುತ್ತದೆ. ಹೊಸ ಕ್ಯಾಮೆರಾಗಳು ಸ್ವಲ್ಪ ಮಟ್ಟಿಗೆ ಸುಧಾರಿಸಿವೆ, ಪೂರ್ತಿ ಅಲ್ಲ. ಪರಿಹಾರಕ್ಕೆ ಕೂಡು-ಕಳೆ ಚಿಹ್ನೆಯ ಗುಂಡಿ ಇದೆ. ಬಿಳಿಗೆ ಒಂದು ಹೆಜ್ಜೆ ಕೂಡಿಸಬೇಕು, ಕಪ್ಪಿಗೆ ಒಂದು ಹೆಜ್ಜೆ ಕಳೆಯಬೇಕು. ಎಷ್ಟೋ ಜನಕ್ಕೆ ಇದು ಉಲ್ಟಾ ಅನ್ನಿಸುತ್ತದೆ.

ಒಂದೇ ಬೆಂಚಿನಲ್ಲಿ ಕುಳಿತ ಇಬ್ಬರಲ್ಲಿ ಒಬ್ಬಳು ಅಜ್ಜನ ಫೋಟೊ ತಂದಿದ್ದಾಳೆ, ಇನ್ನೊಬ್ಬಳು ಅಮ್ಮನದ್ದು. ಒಬ್ಬಳಿಗೆ ಹೇಳುವ ತಿದ್ದುಪಡಿ ಇನ್ನೊಬ್ಬಳಿಗೆ ನೇರವಾಗಿ ತಪ್ಪು. ಕ್ಯಾಮೆರಾಗಳೂ ಬೇರೆ ಬೇರೆ. ಕ್ಯಾನನ್ ಡಯಲ್‌ನಲ್ಲಿ ‘ಎವಿ’ ಎಂದಿರುವುದು ನಿಕಾನ್, ಸೋನಿಯಲ್ಲಿ ‘ಎ’. ಕ್ಯಾನನ್‌ನ ‘ಟಿವಿ’ ಅಲ್ಲಿ ‘ಎಸ್’. ನಲವತ್ತು ಜನರ ಸಭಾಂಗಣದಲ್ಲಿ ಪ್ರೊಜೆಕ್ಟರ್ ಹಾಕಿ ಪಾಠ ಮಾಡಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಮನೆಗೆ ಹೋಗಿ ಮತ್ತೆ ಆಟೋಗೆ ತಿರುಗಿಸುತ್ತಾರೆ. ಎರಡು ಗಂಟೆಯ ತರಗತಿಯನ್ನು ನಲವತ್ತು ಜನಕ್ಕೆ ಹಂಚಿದರೆ ತಲೆಗೆ ಮೂರು ನಿಮಿಷ. ಎಂಟು ಜನಕ್ಕೆ ಹಂಚಿದರೆ ಕಾಲು ಗಂಟೆ. ಆ ಕಾಲು ಗಂಟೆಯಲ್ಲಿ ಶಿಕ್ಷಕರು ಒಂದು ಮಗುವಿನ ಚಿತ್ರ ನೋಡಿ, ತಪ್ಪು ಎಲ್ಲಿ ಎಂದು ಕೇಳಿ, ಮತ್ತೆ ತೆಗೆಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಬಹುದು. ದಾನಿಗಳು ಕೊಡುವ ಹಣ ನಿಜವಾಗಿ ಕೊಳ್ಳುವುದು ಈ ಹದಿನೈದು ನಿಮಿಷವನ್ನು. ಹೆಚ್ಚು ಮಕ್ಕಳನ್ನು ಸೇರಿಸಿದರೆ ವರದಿಯಲ್ಲಿ ಫಲಾನುಭವಿಗಳ ಸಂಖ್ಯೆ ದೊಡ್ಡದಾಗಿ ಕಾಣುತ್ತದೆ, ನಿಜ. ಆದರೆ ಹಾಗೆ ಸೇರಿಸಿದ ನಲವತ್ತರಲ್ಲಿ ಎಷ್ಟು ಮಂದಿ ಕಲಿತರು ಎಂದು ಕೇಳಿದರೆ ಉತ್ತರ ಹೇಳುವುದು ಕಷ್ಟ.

ಗುಂಪು ತೀರಾ ಚಿಕ್ಕದಾಗುವುದೂ ನನ್ನ ದೃಷ್ಟಿಯಲ್ಲಿ ಒಳ್ಳೆಯದಲ್ಲ. ಒಬ್ಬರಿಗೆ ಒಬ್ಬರು ಕಲಿಸಿದರೆ ಬೇರೆಯವರ ತಪ್ಪು ನೋಡುವ ಅವಕಾಶ ತಪ್ಪುತ್ತದೆ. ಪಕ್ಕದವನ ಚಿತ್ರ ಅಲುಗಿದ್ದು ಏಕೆ ಎಂದು ಹುಡುಕುವಾಗ ತನ್ನ ಕೈಯೂ ನಡುಗುತ್ತಿತ್ತು ಎಂಬುದು ಹೊಳೆಯುತ್ತದೆ.

ಇನ್ನು ಸಂಪಾದನೆಯ ಮಾತು. ಆರೇಳು ಭಾನುವಾರಗಳ ತರಗತಿಯಿಂದ ಯಾರೂ ವೃತ್ತಿಪರರಾಗುವುದಿಲ್ಲ, ಹಾಗೆಂದು ಭರವಸೆ ಕೊಡುವವರನ್ನು ನಂಬಬೇಡಿ. ಆದರೆ ಬಾಗಿಲು ತೆರೆಯುತ್ತದೆ. ನಮ್ಮ ಮದುವೆಗಳಲ್ಲಿ ಹೆಣ್ಣುಮಕ್ಕಳ ಕಡೆಗೆ ಗಂಡಸರು ಕ್ಯಾಮೆರಾ ಹಿಡಿದು ಹೋಗುವುದನ್ನು ಅನೇಕ ಮನೆತನಗಳು ಒಪ್ಪುವುದಿಲ್ಲ. ಕ್ಯಾಮೆರಾ ಬಲ್ಲ ಹುಡುಗಿಯರಿಗಾಗಿ ಹುಡುಕಾಡುತ್ತಾರೆ. ಮನೆಯಲ್ಲೇ ಹೊಲಿಗೆ, ಮೆಹೆಂದಿ, ಕೇಕ್ ಮಾಡಿ ಮಾರುವ ಮಹಿಳೆಯರಿಗೆ ತಮ್ಮ ಸಾಮಾನಿನ ಚೊಕ್ಕ ಚಿತ್ರ ಬೇಕು. ಇನ್ನೂ ಮುಂದೆ ಓದಬಯಸುವವರಿಗೆ ಮೈಸೂರಿನ ಚಾಮರಾಜೇಂದ್ರ ದೃಶ್ಯಕಲಾ ಅಕಾಡೆಮಿಯಂಥ ಕಡೆ ಛಾಯಾಗ್ರಹಣವನ್ನೇ ಪದವಿ ಮಟ್ಟದಲ್ಲಿ ಕಲಿಯುವ ದಾರಿ ಇದೆ. ಆ ಓದಿಗೆ ಮಗುವಿಗೆ ಒಲವಿದೆಯೇ ಎಂದು ವರ್ಷಗಟ್ಟಲೆ ಶುಲ್ಕ ಕಟ್ಟುವ ಮೊದಲೇ ಒಂದು ಸಣ್ಣ ತರಗತಿ ತೋರಿಸಿಕೊಡುತ್ತದೆ. ಒಲವಿಲ್ಲವೆಂದು ಗೊತ್ತಾದರೆ ಅದೂ ಉಳಿತಾಯವೇ.

ಅನುಮತಿಯ ಪಾಠವನ್ನೂ ತರಗತಿಯಲ್ಲಿ ಸೇರಿಸಲೇಬೇಕು. ಯಾರ ಮುಖವನ್ನಾದರೂ ತೆಗೆಯುವ ಮೊದಲು ಕೇಳಬೇಕು. ತೆಗೆದದ್ದನ್ನು ವಾಟ್ಸಾಪ್‌ನಲ್ಲಿ ಹಾಕುವ ಮೊದಲು ಮತ್ತೊಮ್ಮೆ ಕೇಳಬೇಕು. ಇವು ಎರಡು ಬೇರೆ ಬೇರೆ ಅನುಮತಿಗಳು. ಮದುವೆ ಮನೆಯ ಹೆಣ್ಣುಮಕ್ಕಳ ಚಿತ್ರ ಇರುವ ಮೆಮರಿ ಕಾರ್ಡನ್ನು ಹೇಗೆ ಕಾಪಾಡಬೇಕು, ಯಾರಿಗೆ ಕೊಡಬೇಕು, ಯಾವಾಗ ಅಳಿಸಬೇಕು ಎಂಬುದು ತಿಳಿಯದವರ ಕೈಗೆ ಆ ಕೆಲಸ ಕೊಡಲಾಗದು. ಈ ವಿಷಯದಲ್ಲಿ ಒಂದು ತಪ್ಪಾದರೆ ಒಂದು ಕುಟುಂಬದ ಮಾನ ಬೀದಿಗೆ ಬರುತ್ತದೆ. ಎಂಟು ಮಂದಿ ಸುತ್ತ ಕುಳಿತಾಗ ಇಂಥ ಮಾತು ಮುಕ್ತವಾಗಿ ಬರುತ್ತದೆ. ದೊಡ್ಡ ಸಭೆಯಲ್ಲಿ ಹುಡುಗಿಯರು ಬಾಯಿಯೇ ತೆರೆಯುವುದಿಲ್ಲ.

ಪೋಷಕರಲ್ಲಿ ನಮ್ಮ ಮನವಿ: ತರಗತಿಗೆ ಸೇರುವ ಮೊದಲು ಹೊಸ ಕ್ಯಾಮೆರಾ ಕೊಳ್ಳಬೇಡಿ, ಅದಕ್ಕಾಗಿ ಸಾಲವಂತೂ ಬೇಡವೇ ಬೇಡ. ಮನೆಯ ಹಳೆಯ ಕ್ಯಾಮೆರಾ, ಅದರ ಜೊತೆ ಬಂದ 18-55 ಮಿ.ಮೀ. ಲೆನ್ಸ್, ಒಂದು ಮೆಮರಿ ಕಾರ್ಡ್ ಕಲಿಕೆಗೆ ಸಾಕು. ಮಾರುಕಟ್ಟೆ ಮಿರರ್‌ಲೆಸ್ ಕಡೆಗೆ ವಾಲಿರುವುದರಿಂದ ಹಳೆಯ ಡಿಎಸ್‌ಎಲ್‌ಆರ್‌ಗಳು ಕೈಬದಲಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ. ಕೊಳ್ಳುವುದಾದರೆ ಲೆನ್ಸನ್ನು ಬಿಚ್ಚಿ ಒಂದು ಕಡೆಯಿಂದ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು, ಬಿಟ್ಟುಬಿಡಿ. ಕರಾವಳಿಯ ಮಳೆಗಾಲದಲ್ಲಿ ಕಪಾಟಿನಲ್ಲಿ ಬ್ಯಾಗಿನೊಳಗೆ ಮುಚ್ಚಿಟ್ಟ ಲೆನ್ಸಿಗೆ ಇದು ಬೇಗ ಹಿಡಿಯುತ್ತದೆ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಇಡುವುದು ಸುಲಭದ ಉಪಾಯ. ಪೊಟ್ಟಣಗಳನ್ನು ಆಗಾಗ ಒಣಗಿಸುತ್ತಿರಬೇಕು, ಇಲ್ಲದಿದ್ದರೆ ಇಟ್ಟೂ ಪ್ರಯೋಜನವಿಲ್ಲ.

ಕೆಲವು ದಾನಿಗಳು ಒಂದು ದುಬಾರಿ ಕ್ಯಾಮೆರಾವನ್ನೇ ಉಡುಗೊರೆಯಾಗಿ ಕೊಡುವ ಮನಸ್ಸು ತೋರುತ್ತಾರೆ. ಅವರ ಮನಸ್ಸು ದೊಡ್ಡದು. ಆದರೆ ಅದೇ ಮೊತ್ತದಲ್ಲಿ ಹಲವು ಮಕ್ಕಳ ತರಗತಿ ಶುಲ್ಕ, ಬಸ್ ಖರ್ಚು, ಕ್ಯಾಮೆರಾ ಇಲ್ಲದವರಿಗೆ ಸರದಿಯಲ್ಲಿ ಬಳಸಲು ಎರಡು ಹಳೆಯ ಕ್ಯಾಮೆರಾ ಆಗುತ್ತದೆ. ಕಪಾಟಿನಲ್ಲಿ ಸುಮ್ಮನೆ ಇರುವ ಕ್ಯಾಮೆರಾ ನಿಮ್ಮಲ್ಲಿದ್ದರೆ ಅದನ್ನೇ ಕೊಡಿ. ಚಾರ್ಜರ್ ಮರೆಯಬೇಡಿ, ಚಾರ್ಜರ್ ಇಲ್ಲದೆ ಬರುವ ಕ್ಯಾಮೆರಾಗಳ ಬ್ಯಾಟರಿ ಹುಡುಕುವುದೇ ಒಂದು ಕೆಲಸವಾಗುತ್ತದೆ.

ಮಗ ಅಥವಾ ಮಗಳನ್ನು ಯಾವುದೇ ಕ್ಯಾಮೆರಾ ತರಗತಿಗೆ ಸೇರಿಸುವ ಮುನ್ನ ಪೋಷಕರು ಅಲ್ಲಿ ಹೋಗಿ ಕೇಳಬೇಕಾದದ್ದು ಇಷ್ಟು: ಒಂದು ಗುಂಪಿನಲ್ಲಿ ಎಷ್ಟು ಜನ? ಪ್ರತಿ ವಾರ ಮಗು ತೆಗೆದ ಚಿತ್ರವನ್ನು ಶಿಕ್ಷಕರು ನೋಡುತ್ತಾರೆಯೇ? ಹುಡುಗಿಯರು ಹೊರಗೆ ಅಭ್ಯಾಸಕ್ಕೆ ಹೋಗುವಾಗ ಜೊತೆಗೆ ಯಾರಿರುತ್ತಾರೆ? ಒಂದು ವಾರ ತಪ್ಪಿದರೆ ಪಾಠ ಮತ್ತೆ ಸಿಗುತ್ತದೆಯೇ? ಈ ಉತ್ತರಗಳನ್ನು ಅರ್ಜಿಯ ಹಿಂಬದಿಯಲ್ಲಿ ಬರೆದು ಕಳಿಸಿ. ಜೊತೆಗೆ ಮಗು ಸ್ವತಃ ತೆಗೆದ ಮೂರು ಫೋಟೊ ಇರಲಿ, ಮೊಬೈಲಿನವಾದರೂ ಸರಿ. ಅವು ಚೆನ್ನಾಗಿರಬೇಕೆಂದಿಲ್ಲ. ಪ್ರತಿಯೊಂದರ ಕೆಳಗೆ, ಇದರಲ್ಲಿ ತನಗೆ ಸರಿ ಕಾಣದ್ದು ಏನು ಎಂದು ಮಗುವೇ ತನ್ನ ಕೈಬರಹದಲ್ಲಿ ಒಂದು ಸಾಲು ಬರೆದಿರಬೇಕು.