ನವಜಾತ ಶಿಶುವಿಗೆ ಮೊದಲ ರಕ್ಷಣೆ: ಹೆಪಟೈಟಿಸ್-ಬಿ ಲಸಿಕೆ

ಮಕ್ಕಳ ಬಣ್ಣ, ಮುಖಚಹರೆಗಳು ತಂದೆತಾಯಿಗಳನ್ನು ಹೋಲುವುದನ್ನು ನೀವು ಬಲ್ಲಿರಿ. ಇದಕ್ಕೆ ಕಾರಣ ಜೀವಕೋಶಗಳಲ್ಲಿರುವ ವಂಶವಾಹಿಗಳು. ಜೀವಕೋಶವು ಯಾವ ವಸ್ತುವನ್ನು ತಯಾರಿಸಬೇಕೆಂಬ ಆದೇಶವು ಇವುಗಳಲ್ಲಿ ಅಡಗಿರುತ್ತದೆ. ಒಂದು ಜೀವಿಯ ವಂಶವಾಹಿಯನ್ನು ಮತ್ತೊಂದರಲ್ಲಿ ಸೇರಿಸುವ ವಿಧಾನವನ್ನು ವಿಜ್ಞಾನಿಗಳು 1970ರ ದಶಕದಲ್ಲಿ ಕಂಡುಹಿಡಿದರು. ಅದರ ಫಲವಾದ ಹೆಪಟೈಟಿಸ್-ಬಿ ಲಸಿಕೆಯು ಇಂದು ನಿಮ್ಮ ಮಗುವಿಗೆ ಹುಟ್ಟಿದ ದಿನವೇ ದೊರೆಯುತ್ತದೆ.

ರೋಗದ ಸ್ವರೂಪ

ಹೆಪಟೈಟಿಸ್-ಬಿ ವೈರಾಣುವು ಪಿತ್ತಜನಕಾಂಗಕ್ಕೆ ತಗಲುವ ಸೋಂಕು, ಕಾಮಾಲೆಗೂ ಕಾರಣವಾಗಬಲ್ಲದು. ಇದು ಸೋಂಕಿತ ರಕ್ತ, ಶುದ್ಧೀಕರಿಸದ ಸೂಜಿ ಹಾಗೂ ಲೈಂಗಿಕ ಸಂಪರ್ಕದಿಂದ ಹರಡುತ್ತದೆ. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೂ ತಗಲಬಹುದು. ಎಷ್ಟೋ ತಾಯಂದಿರಲ್ಲಿ ರೋಗದ ಯಾವ ಲಕ್ಷಣವೂ ಕಾಣಿಸದು. ಹುಟ್ಟುವಾಗ ಸೋಂಕು ತಗಲಿದ 100 ಮಕ್ಕಳಲ್ಲಿ ಸುಮಾರು 90 ಮಕ್ಕಳ ದೇಹದಲ್ಲಿ ಅದು ಬಹುಕಾಲ ಉಳಿಯುತ್ತದೆ. ಮುಂದೆ ಪಿತ್ತಜನಕಾಂಗವು ಗಟ್ಟಿಯಾಗಬಹುದು; ಕ್ಯಾನ್ಸರ್ ಸಹ ಬರಬಹುದು.

ಲಸಿಕೆಯ ತಯಾರಿಕೆ

ಅಮೆರಿಕದಲ್ಲಿ 1981ರಲ್ಲಿ ಒಪ್ಪಿಗೆ ಪಡೆದ ಲಸಿಕೆಯನ್ನು ಸೋಂಕಿತರ ರಕ್ತದಿಂದ ತಯಾರಿಸಬೇಕಾಗಿದ್ದಿತು. 1986ರಲ್ಲಿ ಹೊಸ ವಿಧಾನದ ಲಸಿಕೆ ಬಂದಿತು. ಮಾವಿಗೆ ಕಸಿ ಕಟ್ಟುವಾಗ ಉತ್ತಮ ತಳಿಯ ರೆಂಬೆಯನ್ನು ಸೇರಿಸುವಿರಷ್ಟೆ? ಇಲ್ಲಿ ಯೀಸ್ಟ್ ಎಂಬ ಸೂಕ್ಷ್ಮಜೀವಿಗೆ ವೈರಾಣುವಿನ ಒಂದೇ ಒಂದು ವಂಶವಾಹಿಯನ್ನು ಸೇರಿಸುತ್ತಾರೆ. ಆಗ ಯೀಸ್ಟ್, ವೈರಾಣುವಿನ ಹೊರಕವಚದ ಸಸಾರಜನಕವನ್ನು ತಯಾರಿಸತೊಡಗುತ್ತದೆ. ಅದನ್ನು ಬೇರ್ಪಡಿಸಿ, ಶುದ್ಧಿಗೊಳಿಸಿ ಲಸಿಕೆ ಮಾಡುತ್ತಾರೆ. 1997ರಿಂದ ಇಂತಹ ಲಸಿಕೆಯು ಹೈದರಾಬಾದಿನಲ್ಲಿಯೂ ತಯಾರಾಗಿದೆ.

ಸಂದೇಹ ಬೇಡ

ಈ ಲಸಿಕೆಯಿಂದಲೇ ರೋಗ ಬಂದೀತೆಂದು ಕೆಲವರು ಅಂಜುತ್ತಾರೆ. ಇದರಲ್ಲಿ ವೈರಾಣುವಿಲ್ಲ, ಅದರ ಕವಚದ ಅಂಶ ಮಾತ್ರ ಇದೆ. ಆದುದರಿಂದ ರೋಗ ಬರುವಂತಿಲ್ಲ. ಮಗುವಿನ ವಂಶವಾಹಿಗಳೂ ಬದಲಾಗುವುದಿಲ್ಲ. ಶರೀರವು ಆ ಕವಚವನ್ನು ಗುರುತಿಸಿ, ಮುಂದೆ ನಿಜವಾದ ವೈರಾಣುವನ್ನು ಎದುರಿಸಲು ಸಿದ್ಧವಾಗುತ್ತದೆ.

ದಂಪತಿಗಳು ಮಾಡಬೇಕಾದುದು

1. ಗರ್ಭಿಣಿಯು ತಪ್ಪದೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕು ಕಂಡುಬಂದರೆ ಪತಿಯೂ ಪರೀಕ್ಷೆ ಮಾಡಿಸಿಕೊಳ್ಳಬೇಕು.

2. ಹೆರಿಗೆಯು ಆಸ್ಪತ್ರೆಯಲ್ಲಿಯೇ ಆಗಲಿ. ಮನೆಯಲ್ಲಿ ಆದರೆ ಕೂಡಲೇ ಆರೋಗ್ಯ ಸಹಾಯಕಿಗೆ ತಿಳಿಸಿರಿ.

3. ಮೊದಲ ಚುಚ್ಚುಮದ್ದನ್ನು 24 ಗಂಟೆಗಳೊಳಗೆ ಹಾಕಿಸಿರಿ. ಪುರುಡು ಕಳೆಯಲೆಂದು ಮುಂದೂಡಬೇಡಿರಿ.

4. ಅನಂತರ 6, 10 ಮತ್ತು 14ನೆಯ ವಾರಗಳಲ್ಲಿ ಪೆಂಟಾವೇಲೆಂಟ್ ಲಸಿಕೆಯೊಡನೆ ಇದನ್ನೂ ಪೂರ್ಣಗೊಳಿಸಿರಿ.

ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಲಸಿಕೆಯು ಉಚಿತ. ಕಳೆದ ಗಂಟೆಗಳು ಮರಳಿ ಬಾರವು. ಮೊದಲ ದಿನವೇ ನಿಮ್ಮ ಕಂದನಿಗೆ ಈ ರಕ್ಷಣೆಯನ್ನು ಒದಗಿಸಿರಿ.